ಹತ್ತು ಸಾವಿರ ಕಟ್ಟಿದರೆ ಮುಗಿಯಿತೇ? ಕುಡಿದು ಗಾಡಿ ಓಡಿಸಿದರೆ ಕಾನೂನು ಏನೇನು ಕಿತ್ತುಕೊಳ್ಳುತ್ತದೆ

ಮದ್ದೂರು ಕಡೆಯ ಒಂದು ಹಳ್ಳಿಯಲ್ಲಿ ಬೀಗರೂಟ. ಪರಿಚಯದವರೊಬ್ಬರು ಬೈಕಿನಲ್ಲಿ ಹೋಗಿದ್ದರು. ಮುದ್ದೆ, ಮಟನ್ ಸಾರು, ಶಾಮಿಯಾನದ ಹಿಂದುಗಡೆ ಒಂದು ನೈಂಟಿ. ಮೂರು ಗಂಟೆ ಹೊತ್ತಿಗೆ ಹೊರಟು ನಿಂತಾಗ ಅವರ ಗಾಡಿಗೆ ಯಾರೋ ಟ್ರ್ಯಾಕ್ಟರ್ ಅಡ್ಡ ನಿಲ್ಲಿಸಿದ್ದರು. ಭಾವಮೈದ ಹೋಗಿ ಟ್ರ್ಯಾಕ್ಟರ್ ಸರಿಸಿ, ಬೈಕನ್ನು ರಸ್ತೆಗೆ ತಂದು, "ಹುಷಾರಾಗಿ ಹೋಗಿ ಭಾವ" ಎಂದು ಕೀ ಕೈಗಿಟ್ಟ. ನಾಲ್ಕು ಕಿಲೋಮೀಟರ್ ದಾಟುವುದರಲ್ಲಿ ಬ್ಯಾರಿಕೇಡ್. "ಊದಿ ಯಜಮಾನ್ರೇ. ಒಳಕ್ಕೆ ಎಳ್ಕೋಬೇಡಿ, ಹೊರಕ್ಕೆ ಊದಿ." ಯಂತ್ರ 52 ತೋರಿಸಿತು. ಚೀಟಿ ಬಂತು, ಸಹಿ ಆಯಿತು, ಬೈಕು ಠಾಣೆಗೆ ಹೋಯಿತು. ಅವರು ಬಸ್ಸಿನಲ್ಲಿ ಮನೆಗೆ ಬಂದರು.

ನನಗೆ ಫೋನ್ ಮಾಡಿದಾಗ ಅವರು ಕೇಳಿದ್ದು ಒಂದೇ: "ಹತ್ತು ಸಾವಿರ ಅಂತೆ. ಅಲ್ಲೇ ಏನಾದ್ರೂ ಕಡಿಮೆ ಮಾಡಿಸ್ಕೊಬಹುದಿತ್ತಾ?"

ಈ ಪ್ರಶ್ನೆ ಅವರೊಬ್ಬರದಲ್ಲ. ಕುಡಿದು ಓಡಿಸಿದರೆ ಏನು ಶಿಕ್ಷೆ ಎಂದು ಯಾರನ್ನು ಕೇಳಿದರೂ ಬಾಯಿಗೆ ಬರುವುದು ಆ ಹತ್ತು ಸಾವಿರವೇ. ದಂಡ ಇನ್ನೂ ಏರಿಸಬೇಕು ಎನ್ನುವವರೂ, ಇದು ಹಗಲು ದರೋಡೆ ಎನ್ನುವವರೂ ಆ ಮೊತ್ತದ ಸುತ್ತಲೇ ಜಗಳವಾಡುತ್ತಾರೆ. ಕಾಯ್ದೆಯನ್ನು ತೆರೆದು ಓದಿದರೆ ಆ ಮೊತ್ತವೇ ಇಡೀ ಶಿಕ್ಷೆಯಲ್ಲಿ ಅತಿ ಹಗುರದ ಭಾಗ ಅನ್ನಿಸುತ್ತದೆ.

ಮೂವತ್ತು ಎಂದರೆ ಎಷ್ಟು

ಮೋಟಾರು ವಾಹನ ಕಾಯ್ದೆ, 1988ರ 185ನೇ ಕಲಮು ಹೇಳುವುದು ಇಷ್ಟು: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇಟ್ಟುಕೊಂಡು ವಾಹನ ಓಡಿಸಿದರೆ, ಅಥವಾ ಓಡಿಸಲು ಯತ್ನಿಸಿದರೆ, ಅಪರಾಧ. "ಯತ್ನಿಸಿದರೆ" ಎಂಬ ಮಾತನ್ನು ಎಲ್ಲರೂ ಹಾರಿಸಿ ಓದುತ್ತಾರೆ. ಬಾರ್ ಮುಂದಿನ ಪಾರ್ಕಿಂಗಿನಲ್ಲಿ ಸೀಟಿನ ಮೇಲೆ ಕೂತು ಕಿಕ್ಕರ್ ಒದೆಯುತ್ತಿರುವವನೂ ಇದರ ಒಳಗೇ ಬರುತ್ತಾನೆ.

ಈ 30ರ ಗೆರೆ ಮೊದಲಿನಿಂದ ಇದ್ದದ್ದಲ್ಲ. 1988ರಲ್ಲಿ ಕಾಯ್ದೆ ಬಂದಾಗ ರಕ್ತದಲ್ಲಿ ಎಷ್ಟೇ ಅಲ್ಪ ಪ್ರಮಾಣದ ಮದ್ಯವಿದ್ದರೂ ತಪ್ಪೇ ಎಂದಿತ್ತು. 1994ರ ತಿದ್ದುಪಡಿ ಅದನ್ನು ತೆಗೆದು 30 ಎಂದು ನಿಗದಿ ಮಾಡಿತು. ಕೇಳಲು ಇದು ಸಡಿಲಿಕೆಯಂತೆ ಕಾಣಬಹುದು, ಆದರೆ ಅಳೆಯಬಹುದಾದ ಒಂದು ಗೆರೆ ಸಿಕ್ಕಿದ ಮೇಲೆಯೇ ಕೇಸು ನಿಲ್ಲಿಸುವುದು ಸುಲಭವಾಯಿತು. ಕುಡಿತದ ವಾಸನೆ, ತಡವರಿಸುವ ಮಾತು, ತೂರಾಡುವ ನಡಿಗೆ, ಹಿಗ್ಗಿದ ಕಣ್ಣಿನ ಪಾಪೆ ಇಷ್ಟನ್ನೇ ನಂಬಿ ಒಬ್ಬನನ್ನು ಕುಡಿದಿದ್ದ ಎಂದು ತೀರ್ಮಾನಿಸಲಾಗದು ಎಂದು ಸುಪ್ರೀಂ ಕೋರ್ಟ್ 1971ರಷ್ಟು ಹಿಂದೆಯೇ ಹೇಳಿತ್ತು.

ಈಗ ಲೆಕ್ಕಕ್ಕೆ ಬರೋಣ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್ಮು, ಬ್ರಾಂದಿಯಲ್ಲಿ ಸಾಮಾನ್ಯವಾಗಿ ಶೇ 42.8 ಆಲ್ಕೋಹಾಲ್ ಇರುತ್ತದೆ. 90 ಮಿ.ಲೀ. ಪ್ಯಾಕೆಟ್ಟಿನಲ್ಲಿ ಹೆಚ್ಚುಕಡಿಮೆ 30 ಗ್ರಾಂ ಶುದ್ಧ ಆಲ್ಕೋಹಾಲ್ ಆಯಿತು. 70 ಕಿಲೋ ತೂಕದ ಗಂಡಸು ಅದನ್ನು ಖಾಲಿ ಹೊಟ್ಟೆಯಲ್ಲಿ ಒಮ್ಮೆಗೇ ಇಳಿಸಿದರೆ ರಕ್ತದ ಮಟ್ಟ 60ರ ಆಸುಪಾಸಿಗೆ ಏರುತ್ತದೆ. ಅಂದರೆ ಒಂದೇ ನೈಂಟಿಗೆ ಮಿತಿಯ ಎರಡರಷ್ಟು. 60ರ ಒಂದು ಪೆಗ್ ಕೂಡ ಅವನನ್ನು ಗೆರೆಯ ಆಚೆ ತಳ್ಳಲು ಸಾಕು. 650 ಮಿ.ಲೀ. ಸ್ಟ್ರಾಂಗ್ ಬಿಯರ್ ಬಾಟಲಿ ಈ ವಿಷಯದಲ್ಲಿ ನೈಂಟಿಗಿಂತ ಕೆಟ್ಟದ್ದು. "ಬರೀ ಬಿಯರ್ ಸಾರ್" ಅನ್ನುವವರು ಗಮನಿಸಬೇಕು. ಹೊಟ್ಟೆ ತುಂಬ ಉಂಡಿದ್ದರೆ ಮಟ್ಟ ನಿಧಾನ ಏರುತ್ತದೆ, ತುಸು ಕಡಿಮೆಯಾಗಿಯೂ ನಿಲ್ಲುತ್ತದೆ. ಹೆಂಗಸರ ಮೈಯಲ್ಲಿ ನೀರಿನಂಶ ಕಡಿಮೆ ಇರುವುದರಿಂದ ಅಷ್ಟೇ ಕುಡಿತಕ್ಕೆ ಹೆಚ್ಚು ಏರುತ್ತದೆ.

ಇಳಿಯುವುದು? ಗಂಟೆಗೆ ಸುಮಾರು 15 ಮಿಲಿಗ್ರಾಂ. ನಿಂಬೆಹಣ್ಣು, ಬ್ಲ್ಯಾಕ್ ಕಾಫಿ, ತಣ್ಣೀರ ಸ್ನಾನ, ಹಸಿ ಈರುಳ್ಳಿ ಯಾವುದೂ ಯಕೃತ್ತಿನ ಈ ವೇಗವನ್ನು ಬದಲಿಸುವುದಿಲ್ಲ. ರಾತ್ರಿ ಹನ್ನೊಂದರ ಹೊತ್ತಿಗೆ ಒಂದೂವರೆ ಕ್ವಾರ್ಟರ್ ಮುಗಿಸಿದವನ ಮಟ್ಟ 190ರ ಹತ್ತಿರ ಇರುತ್ತದೆ. ಬೆಳಿಗ್ಗೆ ಏಳಕ್ಕೆ ಹಲ್ಲುಜ್ಜಿ, ಇಡ್ಲಿ ತಿಂದು, ಇಸ್ತ್ರಿ ಅಂಗಿ ತೊಟ್ಟು ಗಾಡಿ ಹತ್ತುವಾಗಲೂ ಅವನಲ್ಲಿ 70ರಷ್ಟು ಉಳಿದಿರುತ್ತದೆ. ಬೆಂಗಳೂರಿನಲ್ಲಿ ಪೊಲೀಸರು ಬೆಳಗಿನ ಹೊತ್ತು ಶಾಲಾ ವಾಹನಗಳನ್ನು ನಿಲ್ಲಿಸಿ ಚಾಲಕರಿಗೆ ಊದಿಸಿದಾಗ ಕೆಲವರು ಸಿಕ್ಕಿಬಿದ್ದದ್ದು ಸುದ್ದಿಯಾಗಿತ್ತು. ಅವರಲ್ಲಿ ಎಲ್ಲರೂ ಮುಂಜಾನೆ ಎದ್ದು ಕುಡಿದವರೇ ಆಗಿರಬೇಕಿಲ್ಲ.

ಯಂತ್ರದ ಒಳಗೆ ಇಂಧನಕೋಶವಿರುತ್ತದೆ. ಉಸಿರಿನಲ್ಲಿರುವ ಆಲ್ಕೋಹಾಲ್ ಪ್ಲಾಟಿನಂ ಪದರದ ಮೇಲೆ ಉತ್ಕರ್ಷಣಗೊಂಡಾಗ ಹುಟ್ಟುವ ಸಣ್ಣ ವಿದ್ಯುತ್ತನ್ನು ಅದು ಅಳೆಯುತ್ತದೆ. ಉಸಿರಿಗಿಂತ ರಕ್ತದಲ್ಲಿ ಸುಮಾರು 2,100 ಪಟ್ಟು ಹೆಚ್ಚಿರುತ್ತದೆ ಎಂಬ ಊಹೆಯ ಮೇಲೆ ರಕ್ತದ ಅಂಕಿ ತೋರಿಸುತ್ತದೆ. ಎಲ್ಲರ ಮೈಗೂ ಈ ಅನುಪಾತ ಒಂದೇ ಇರುವುದಿಲ್ಲ. ಮೌತ್‌ವಾಶ್ ಮುಕ್ಕಳಿಸಿದ್ದರೆ ಬಾಯಲ್ಲಿ ಉಳಿದದ್ದೂ ಅಂಕಿಗೆ ಸೇರಿಬಿಡುತ್ತದೆ. ಹದಿನೈದು ನಿಮಿಷ ಕಾದು ಇನ್ನೊಮ್ಮೆ ಊದಿದರೆ ಅದು ಹೊರಟುಹೋಗಿರುತ್ತದೆ, ಕುಡಿದದ್ದು ಮಾತ್ರ ಹೋಗಿರುವುದಿಲ್ಲ. ಯಂತ್ರದ ಮೇಲೆ ನಿಜವಾಗಿ ಅನುಮಾನವಿದ್ದವರು ಕೇಳಬೇಕಾದ್ದು ಇದನ್ನೇ: ಇನ್ನೊಮ್ಮೆ ಊದಿಸಿ, ಇಲ್ಲವೇ ರಕ್ತ ಪರೀಕ್ಷೆ ಮಾಡಿಸಿ.

ಊದುವುದಿಲ್ಲ ಎಂದು ಹಟ ಹಿಡಿದರೆ? ಕುಡಿದಿದ್ದಾನೆ ಎಂದು ಶಂಕಿಸಲು ಕಾರಣವಿದ್ದರೆ ವಾರಂಟ್ ಇಲ್ಲದೆಯೇ ಬಂಧಿಸಬಹುದು. ಸಕಾರಣವಿಲ್ಲದೆ ನಿರಾಕರಿಸಿದ್ದು ಕೋರ್ಟಿನಲ್ಲಿ ಪ್ರಾಸಿಕ್ಯೂಷನ್ ಪರವಾಗಿ ಎಣಿಕೆಯಾಗುತ್ತದೆ ಎಂದು 205ನೇ ಕಲಮು ಹೇಳುತ್ತದೆ. ಆರೋಪಿಯ ಕಡೆಗೂ ಒಂದು ರಕ್ಷಣೆ ಇದೆ. 185ರಲ್ಲಿ ಬಂಧಿಸಿದವರನ್ನು ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರ ಪರೀಕ್ಷೆಗೆ ಒಳಪಡಿಸಬೇಕು, ಇಲ್ಲದಿದ್ದರೆ ಬಿಟ್ಟುಕಳುಹಿಸಬೇಕು.

ಸ್ಥಳದಲ್ಲೇ ಯಾಕೆ ಮುಗಿಸುವಂತಿಲ್ಲ

2019ರ ಸೆಪ್ಟೆಂಬರ್ 1ಕ್ಕೆ ಮೊದಲು ಮೊದಲ ಸಲದ ತಪ್ಪಿಗೆ ದಂಡ 2,000 ರೂಪಾಯಿ ದಾಟುತ್ತಿರಲಿಲ್ಲ. ಅಂದು ಜಾರಿಗೆ ಬಂದ ತಿದ್ದುಪಡಿ ಅದನ್ನು 10,000 ಮಾಡಿತು. ಎರಡನೆಯ ಸಲ ಸಿಕ್ಕಿದರೆ 3,000 ಇದ್ದದ್ದು 15,000 ಆಯಿತು. ಜೈಲಿನ ಅವಧಿಯನ್ನು ಮಾತ್ರ ಮುಟ್ಟಲಿಲ್ಲ. ಮೊದಲ ಸಲಕ್ಕೆ ಆರು ತಿಂಗಳವರೆಗೆ, ಮರುಕಳಿಸಿದರೆ ಎರಡು ವರ್ಷದವರೆಗೆ ಎಂಬುದು ಹಿಂದಿನಿಂದಲೂ ಇದ್ದದ್ದೇ.

ಅದೇ ತಿಂಗಳು ದೇಶದ ತುಂಬ ದಂಡದ ಗದ್ದಲವೆದ್ದಿತು. ಗುಜರಾತ್ ಮೊದಲು ಮೊತ್ತ ಇಳಿಸುವುದಾಗಿ ಘೋಷಿಸಿತು. ಕರ್ನಾಟಕವೂ ಸೆಪ್ಟೆಂಬರ್‌ನಲ್ಲೇ ಅಧಿಸೂಚನೆ ಹೊರಡಿಸಿ ಹೆಲ್ಮೆಟ್ಟಿನ 1,000ವನ್ನು 500ಕ್ಕೆ, ಸೀಟ್ ಬೆಲ್ಟಿನದ್ದನ್ನೂ 500ಕ್ಕೆ ತಂದಿತು. ಆದರೆ ಕುಡಿದು ಓಡಿಸುವುದರ ಹತ್ತು ಸಾವಿರ ಹಾಗೆಯೇ ಉಳಿಯಿತು. ಸರ್ಕಾರಕ್ಕೆ ಅದರ ಮೇಲೆ ಕರುಣೆ ಇರಲಿಲ್ಲವೆಂದಲ್ಲ, ಕೈ ಹಾಕುವ ಅಧಿಕಾರವೇ ಇರಲಿಲ್ಲ.

200ನೇ ಕಲಮಿನಲ್ಲಿ ಒಂದು ಪಟ್ಟಿ ಇದೆ. ಆ ಪಟ್ಟಿಯ ತಪ್ಪುಗಳನ್ನು ರಾಜಿ ಮಾಡಿಕೊಳ್ಳಬಹುದು, ಅಂದರೆ ರಾಜ್ಯ ಗೊತ್ತುಪಡಿಸಿದ ಮೊತ್ತವನ್ನು ಅಧಿಕಾರಿಯ ಕೈಗೇ ಕಟ್ಟಿ ಕೇಸು ಮುಗಿಸಬಹುದು. ಹೆಲ್ಮೆಟ್ಟು, ಸೀಟ್ ಬೆಲ್ಟು, ಅತಿವೇಗ ಎಲ್ಲ ಅಲ್ಲಿವೆ. 185 ಅಲ್ಲಿಲ್ಲ. ಹಾಗಾಗಿ ಬ್ಯಾರಿಕೇಡಿನ ಬಳಿ ನಿಂತ ಸಬ್ ಇನ್‌ಸ್ಪೆಕ್ಟರ್ ಮನಸ್ಸು ಮಾಡಿದರೂ ರಸೀದಿ ಹರಿದು ಕಳುಹಿಸುವಂತಿಲ್ಲ, ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಲೇಬೇಕು. "ಇಲ್ಲೇ ಕಟ್ಟಿ, ಮುಗಿಸಿಬಿಡೋಣ" ಎಂದು ಯಾರಾದರೂ ಹೇಳಿದರೆ ಅದಕ್ಕೆ ದಂಡ ಎಂಬ ಹೆಸರು ಸಲ್ಲದು.

ರಾಜ್ಯ ಇದನ್ನು ಬಿಗಿ ಮಾಡಬಲ್ಲದೇ

ಇಳಿಸಲು ಆಗದು, ಸರಿ. ಏರಿಸಲು? ಮೋಟಾರು ವಾಹನ ಸಂವಿಧಾನದ ಸಮವರ್ತಿ ಪಟ್ಟಿಯ ವಿಷಯ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದದ್ದು. ಕೇಂದ್ರದ ಕಾಯ್ದೆಗೆ ಎದುರಾಗುವಂತೆ ರಾಜ್ಯ ವಿಧಾನಸಭೆ ಕಾನೂನು ಮಾಡಿದರೆ ಅದು ನಿಲ್ಲಬೇಕಾದರೆ ರಾಷ್ಟ್ರಪತಿಗಳ ಅಂಕಿತ ಬೇಕು. ದೂರದ ದಾರಿ ಅದು. ಹತ್ತಿರದ ದಾರಿಯೊಂದನ್ನು 2019ರ ತಿದ್ದುಪಡಿಯೇ ಇಟ್ಟಿದೆ, ಅದರ ಬಗ್ಗೆ ಚರ್ಚೆ ಬಹಳ ಕಡಿಮೆ. 210ಎ ಕಲಮಿನ ಪ್ರಕಾರ ರಾಜ್ಯ ಸರ್ಕಾರ ಒಂದು ಗುಣಕ ಗೊತ್ತುಮಾಡಬಹುದು, ಒಂದಕ್ಕಿಂತ ಕಡಿಮೆಯಿಲ್ಲ, ಹತ್ತಕ್ಕಿಂತ ಹೆಚ್ಚಿಲ್ಲ. ಕಾಯ್ದೆಯ ದಂಡವನ್ನು ಅದರಿಂದ ಗುಣಿಸಿದರೆ ಬರುವ ಮೊತ್ತವೇ ಆ ರಾಜ್ಯದ ದಂಡ. ಕಾಗದದ ಮೇಲೆ ಲೆಕ್ಕ ಹಾಕಿದರೆ ಹತ್ತು ಸಾವಿರ ಒಂದು ಲಕ್ಷದವರೆಗೂ ಹೋಗಬಹುದು.

ಆದರೆ ಆ ಕಲಮಿನ ಒಳಗೇ ತೊಡಕಿದೆ. ಗುಣಕ ಕಾಯ್ದೆಯ ಪ್ರತಿಯೊಂದು ದಂಡಕ್ಕೂ ಅನ್ವಯ. ವಾಹನದ ವರ್ಗಕ್ಕೆ ತಕ್ಕಂತೆ ಬೇರೆ ಬೇರೆ ಗುಣಕ ಇಡಬಹುದು, ದ್ವಿಚಕ್ರಕ್ಕೊಂದು ಲಾರಿಗೊಂದು ಎಂಬಂತೆ. ಆದರೆ ಕುಡಿತಕ್ಕೆ ಹತ್ತು, ಹೆಲ್ಮೆಟ್ಟಿಗೆ ಒಂದು ಎಂದು ತಪ್ಪಿನ ಪ್ರಕಾರ ವಿಂಗಡಿಸಲು ಅಲ್ಲಿ ಮಾತಿಲ್ಲ. ಕುಡುಕನನ್ನು ಹೆದರಿಸಲು ಹೋದರೆ ವಿಮೆ ಕಟ್ಟಲು ಮರೆತ ಸೊಪ್ಪಿನ ಗಾಡಿಯವನೂ ಅದೇ ಏಟು ತಿನ್ನಬೇಕಾಗುತ್ತದೆ. 500ಕ್ಕೆ ಇಳಿಸಿ ಚಪ್ಪಾಳೆ ಗಿಟ್ಟಿಸಿದ ಯಾವ ಸರ್ಕಾರ ಇದನ್ನು ಮುಟ್ಟೀತು? ಇದರ ಜೊತೆಗೆ, ಪ್ರತಿ ಏಪ್ರಿಲ್ 1ಕ್ಕೆ ದಂಡವನ್ನು ಶೇ 10ರವರೆಗೆ ಏರಿಸಬಹುದಾದ 199ಬಿ ಕಲಮೂ ಇದೆ. ಅದರ ಅಧಿಸೂಚನೆ ಕೇಂದ್ರದ ಕೈಯಲ್ಲಿದೆ.

ಅಮೆರಿಕದಲ್ಲಿ ಇದು ತಿರುವುಮುರುವು. ಅಲ್ಲಿ ಕುಡಿದು ಓಡಿಸುವುದರ ಕಾನೂನು ಆಯಾ ರಾಜ್ಯದ್ದು. 2000ದಲ್ಲಿ ಒಕ್ಕೂಟ ಸರ್ಕಾರ ಮಿತಿಯನ್ನು 80 ಮಿಲಿಗ್ರಾಂಗೆ ತರಬೇಕೆಂದು ಬಯಸಿದಾಗ ಆಜ್ಞೆ ಮಾಡಲಿಲ್ಲ, ಒಪ್ಪದ ರಾಜ್ಯಗಳಿಗೆ ಹೆದ್ದಾರಿ ಅನುದಾನ ಕಡಿತವಾಗುತ್ತದೆ ಎಂದಿತು. ಒಂದೊಂದಾಗಿ ಎಲ್ಲವೂ ಒಪ್ಪಿದವು. ಯೂಟಾ ರಾಜ್ಯ ತಾನಾಗಿಯೇ ಇನ್ನೂ ಮುಂದೆ ಹೋಗಿ 2018ರ ಡಿಸೆಂಬರ್ 30ರಿಂದ 50ಕ್ಕೆ ಇಳಿಸಿತು. ಹಾಗೆ ನೋಡಿದರೆ ನಮ್ಮ 30ರ ಮಿತಿ ಅವರೆಲ್ಲರಿಗಿಂತ ಬಿಗಿ. ಅಲ್ಲಿ ಸಿಕ್ಕಿಬಿದ್ದವರ ಕಾರಿಗೆ, ಊದಿ ಪಾಸಾದರೆ ಮಾತ್ರ ಎಂಜಿನ್ ಚಾಲೂ ಆಗುವ ಸಾಧನ ಕೂರಿಸುವ ಪದ್ಧತಿ ಬಹಳ ರಾಜ್ಯಗಳಲ್ಲಿದೆ. ಅಲ್ಲಿರುವ ನಮ್ಮ ಹುಡುಗ ಹುಡುಗಿಯರಿಗೆ ಇನ್ನೊಂದು ಭಯವೂ ಉಂಟು. ಈ ಕೇಸಿನಲ್ಲಿ ಬಂಧನವಾದರೆ, ತಪ್ಪು ಸಾಬೀತಾಗುವ ಮೊದಲೇ, ವೀಸಾ ರದ್ದಾಗಬಹುದು.

ನಿಜವಾದ ಪೆಟ್ಟು ಬೀಳುವುದೆಲ್ಲಿ

ನಮ್ಮ ಮದ್ದೂರಿನ ಯಜಮಾನರ ವಿಷಯಕ್ಕೆ ಮರಳೋಣ. ಅವರಿಗೆ ನಾನು ಮೊದಲು ಹೇಳಿದ್ದು 20ನೇ ಕಲಮಿನ ಬಗ್ಗೆ. 185ರಲ್ಲಿ ತಪ್ಪಿತಸ್ಥ ಎಂದಾದರೆ ಕೋರ್ಟು ಚಾಲನೆಗೆ ಅನರ್ಹಗೊಳಿಸಬೇಕು, ಆ ಅವಧಿ ಆರು ತಿಂಗಳಿಗಿಂತ ಕಡಿಮೆ ಇರುವಂತಿಲ್ಲ. ದಂಡವೆಂದರೆ ಒಂದು ದಿನದ ಸಂಕಟ. ಆರು ತಿಂಗಳು ಗಾಡಿ ಮುಟ್ಟದೆ ದಿನ ದೂಡುವುದು ಬೇರೆ. ಟ್ಯಾಕ್ಸಿಯವನಿಗೆ, ಡೆಲಿವರಿ ಹುಡುಗನಿಗೆ ಅದು ನೇರ ಹೊಟ್ಟೆಯ ಮೇಲಿನ ಹೊಡೆತ. ಅದಕ್ಕೂ ಮೊದಲು, ಕೋರ್ಟಿನ ತೀರ್ಪಿಗೆ ಕಾಯದೆ, ಪೊಲೀಸರು ಪರವಾನಗಿ ಜಪ್ತಿ ಮಾಡಿ ಆರ್‌ಟಿಒಗೆ ಕಳುಹಿಸಲು 206ನೇ ಕಲಮು ಅವಕಾಶ ಕೊಡುತ್ತದೆ. ಕುಡಿದು ಓಡಿಸಿದವರ ಪರವಾನಗಿಯನ್ನು ಕನಿಷ್ಠ ಮೂರು ತಿಂಗಳು ಅಮಾನತು ಮಾಡಿ ಎಂದು ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಸೂಚಿಸಿತ್ತು.

ಇಲ್ಲಿಯೇ ರಾಜ್ಯದ ಕೈಯಲ್ಲಿರುವ ನಿಜವಾದ ಬಿಗಿ ಇರುವುದು. ಪೊಲೀಸರೂ ರಾಜ್ಯದವರು, ಆರ್‌ಟಿಒ ಕೂಡ ರಾಜ್ಯದ್ದು. ಠಾಣೆಯಿಂದ ಹೊರಟ ಕಡತ ಆರ್‌ಟಿಒ ಮೇಜಿಗೆ ತಲುಪಿ, ನೋಟಿಸು ಹೋಗಿ, ಆದೇಶವಾಗಿ, ಅದು ಕಂಪ್ಯೂಟರಿನಲ್ಲಿ ಏರಿದರೆ ಶಿಕ್ಷೆ ನಡೆಯಿತು. ನಡುವೆ ಎಲ್ಲಾದರೂ ಧೂಳು ಹಿಡಿದು ಕೂತರೆ ಕಲಮು ಎಷ್ಟೇ ಕಠಿಣವಿದ್ದರೂ ಕೂತಲ್ಲೇ ಕೂತಿತು. ಹೊಸ ದಂಡ ಘೋಷಿಸಿದರೆ ಮರುದಿನ ಪತ್ರಿಕೆಯಲ್ಲಿ ತಲೆಬರಹ ಬರುತ್ತದೆ. ಕಡತ ಓಡಿಸಿದರೆ ಬರುವುದಿಲ್ಲ. ಇನ್ನೂ ಒಂದು ಮಾತು. ಈ ರಾಜ್ಯದಲ್ಲಿ ಮದ್ಯದ ಸಗಟು ಮಾರಾಟ ಮಾಡುವುದು ಸರ್ಕಾರದ್ದೇ ಪಾನೀಯ ನಿಗಮ. ಶಾಮಿಯಾನದ ಹಿಂದಿನ ಆ ನೈಂಟಿ ಪ್ಯಾಕೆಟ್ ಬಂದದ್ದೂ ಅದೇ ದಾರಿಯಲ್ಲಿ.

ವಿಮೆಯದ್ದು ಎರಡನೆಯ ಪೆಟ್ಟು. ಕುಡಿದು ಕಾರು ಗುದ್ದಿಸಿಕೊಂಡರೆ ಸ್ವಂತ ಕಾರಿನ ರಿಪೇರಿಗೆ ಕಂಪನಿ ದುಡ್ಡು ಕೊಡಬೇಕಿಲ್ಲ, ಪಾಲಿಸಿಯಲ್ಲೇ ಹಾಗೆ ಬರೆದಿರುತ್ತದೆ. ಊದಿಸಿಲ್ಲ, ರಕ್ತ ತೆಗೆದಿಲ್ಲ, ಹಾಗಾಗಿ ಸಾಕ್ಷ್ಯವಿಲ್ಲ ಎಂದು ತಪ್ಪಿಸಿಕೊಳ್ಳಬಹುದೇ? ದೆಹಲಿಯ ಇಂಡಿಯಾ ಗೇಟ್ ಹತ್ತಿರ ನುಜ್ಜುಗುಜ್ಜಾದ ಒಂದು ಪೋರ್ಷೆ ಕಾರಿನ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿತು. ಕ್ರಿಮಿನಲ್ ಕೇಸಿಗೆ 30ರ ಅಂಕಿ ಬೇಕು; ವಿಮೆಯ ವ್ಯಾಜ್ಯದಲ್ಲಿ ಚಾಲಕ ಕುಡಿತದ ಅಮಲಿನಲ್ಲಿದ್ದ ಎಂಬುದನ್ನು ಬೇರೆ ಸನ್ನಿವೇಶಗಳಿಂದಲೂ ತೋರಿಸಬಹುದು. ಆ ಗಾಡಿಗೆ ಸಿಕ್ಕಿ ಸತ್ತವರ ಮನೆಯವರಿಗೆ ಕೊಡುವ ಪರಿಹಾರದ್ದು ಬೇರೆ ಕಥೆ. ಎಷ್ಟೋ ಪ್ರಕರಣಗಳಲ್ಲಿ ಕೋರ್ಟುಗಳು ಕಂಪನಿಗೆ ಮೊದಲು ಅವರಿಗೆ ಕೊಡು, ಆಮೇಲೆ ವಾಹನದ ಮಾಲೀಕನಿಂದ ವಸೂಲಿ ಮಾಡಿಕೋ ಎಂದಿವೆ. ಆ ವಸೂಲಿ ಸಾವಿರದ ಲೆಕ್ಕದಲ್ಲಿರುವುದಿಲ್ಲ; ಸೈಟು, ಜಮೀನು ಮಾರಿಸುವಷ್ಟಿರುತ್ತದೆ.

ಜೀವ ಹೋದರೆ

ಆಗ 185 ಹಿಂದಕ್ಕೆ ಸರಿದು ಭಾರತೀಯ ನ್ಯಾಯ ಸಂಹಿತೆ ಮುಂದೆ ಬರುತ್ತದೆ. ನಿರ್ಲಕ್ಷ್ಯದಿಂದ ಸಾವು ಎಂಬುದಕ್ಕೆ ಹಳೆಯ ದಂಡ ಸಂಹಿತೆಯ 304ಎ ಕಲಮಿನಲ್ಲಿ ಗರಿಷ್ಠ ಎರಡು ವರ್ಷವಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಸಂಹಿತೆಯ 106(1) ಅದನ್ನು ಐದು ವರ್ಷಕ್ಕೆ ಏರಿಸಿದೆ. ಇದಕ್ಕಿಂತ ಮೇಲಿನ ಮೆಟ್ಟಿಲು ಕೊಲೆಯಲ್ಲದ ನರಹತ್ಯೆ, ಈಗ 105ನೇ ಕಲಮು. ಹೀಗೆ ಓಡಿಸಿದರೆ ಜನ ಸಾಯಬಹುದು ಎಂಬ ಅರಿವು ಚಾಲಕನಿಗಿತ್ತು ಎಂದು ಸಾಬೀತಾದರೆ ಹತ್ತು ವರ್ಷದವರೆಗೆ ಸೆರೆ.

ಕುಡಿದಿದ್ದನೆಂದರೆ ಆ ಅರಿವು ಇತ್ತೆಂದೇ? ಸುಪ್ರೀಂ ಕೋರ್ಟ್ 2012ರಲ್ಲಿ ಎರಡು ಪ್ರಕರಣಗಳಲ್ಲಿ ಇದನ್ನು ನೋಡಿತು. ಒಂದು, 2006ರ ನವೆಂಬರ್‌ನಲ್ಲಿ ಮುಂಬೈ ಬಾಂದ್ರಾದ ಕಾರ್ಟರ್ ರಸ್ತೆಯಲ್ಲಿ ಫುಟ್‌ಪಾತಿನ ಮೇಲೆ ಮಲಗಿದ್ದವರ ಮೇಲೆ ಕಾರು ಹರಿದು ಏಳು ಜನ ಸತ್ತದ್ದು. ಇನ್ನೊಂದು, 1999ರ ಜನವರಿಯಲ್ಲಿ ದೆಹಲಿಯಲ್ಲಿ ಬಿಎಂಡಬ್ಲ್ಯು ಕಾರು ಆರು ಜನರನ್ನು ಬಲಿ ತೆಗೆದುಕೊಂಡದ್ದು. ಎರಡರಲ್ಲೂ ಕೋರ್ಟು ಮೇಲಿನ ಮೆಟ್ಟಿಲಿನ ಅಪರಾಧವನ್ನೇ ಎತ್ತಿಹಿಡಿಯಿತು. ಶಿಕ್ಷೆ? ಮುಂಬೈ ಪ್ರಕರಣದಲ್ಲಿ ಮೂರು ವರ್ಷ. ದೆಹಲಿಯದರಲ್ಲಿ ಆಗಲೇ ಅನುಭವಿಸಿದ್ದ ಎರಡು ವರ್ಷವೇ ಸಾಕೆಂದು, 50 ಲಕ್ಷ ರೂಪಾಯಿ ಠೇವಣಿ ಮತ್ತು ಎರಡು ವರ್ಷ ಸಮುದಾಯ ಸೇವೆ. ಹತ್ತು ವರ್ಷದ ಮೇಲ್ಮಿತಿಯನ್ನು ಪುಸ್ತಕದಲ್ಲಿ ಇನ್ನೆಷ್ಟು ಎಳೆದರೂ ತೀರ್ಪು ಅಲ್ಲಿಗೆ ತಲುಪುತ್ತದೆ ಎಂದು ನನಗಂತೂ ಅನ್ನಿಸುವುದಿಲ್ಲ.

ಅಂಕಿಅಂಶದ ಕಡೆಯೂ ಒಂದು ಸೋರಿಕೆ ಇದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅದರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಅತಿವೇಗದ ಖಾತೆಗೆ ಹೋಗಿದೆ, ಕುಡಿತದ ಖಾತೆಗೆ ಬಂದದ್ದು ಮೂರಕ್ಕಿಂತ ಕಡಿಮೆ. ಕುಡಿದವನು ವೇಗವಾಗಿಯೂ ಹೋಗುತ್ತಾನೆ. ಎಫ್‌ಐಆರ್ ಬರೆಯುವವರು ಕಣ್ಣಿಗೆ ಕಂಡ ವೇಗವನ್ನು ಬರೆಯುತ್ತಾರೆ. ರಕ್ತ ತೆಗೆಸಬೇಕಾದರೆ ನಡುರಾತ್ರಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಬೇಕು, ಡಾಕ್ಟರು ಸಿಗಬೇಕು, ಸೀಸೆಗೆ ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಗಂಟೆಗೆ 15ರಂತೆ ಮಟ್ಟ ಇಳಿಯುತ್ತಲೇ ಇರುತ್ತದೆ. 80 ಇದ್ದವನ ರಕ್ತ ನಾಲ್ಕು ತಾಸು ತಡವಾಗಿ ತೆಗೆದರೆ ಕಾಗದದ ಮೇಲೆ ಅವನು ನಿರಪರಾಧಿ.

ಇಷ್ಟೆಲ್ಲ ಕೇಳಿಸಿಕೊಂಡ ಯಜಮಾನರು ಕೊನೆಗೆ, "ಸರಿ, ನಂದು ನನ್ನ ಕರ್ಮ" ಎಂದರು. ಆಗ 188ನೇ ಕಲಮನ್ನು ಓದಿ ಹೇಳಿದೆ: 185ರ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಆ ಅಪರಾಧಕ್ಕಿರುವ ಶಿಕ್ಷೆಯೇ. ಕುಡಿದಿದ್ದಾನೆಂದು ಗೊತ್ತಿದ್ದೂ ಗಾಡಿ ರಸ್ತೆಗೆ ತಂದು ಕೀ ಕೈಗಿಡುವುದನ್ನು ಒಬ್ಬ ವಕೀಲ ಆ ಮಾತಿನೊಳಗೆ ತರಬಹುದು.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಫೋನನ್ನು ಕಿವಿಯಿಂದ ದೂರ ಹಿಡಿದು ಒಳಗೆ ಯಾರಿಗೋ ಕೂಗಿದ್ದು ಕೇಳಿಸಿತು: "ಲೇ, ನಿನ್ನ ತಮ್ಮಂಗೆ ಒಂದು ಫೋನ್ ಹಾಕು."